ಹತ್ತು ಚದರಡಿ ಮೈ

ನಾನು ಒಂದು ಮಂಜುಗಡ್ಡೆ. ನನ್ನ ಕಥೆಯನ್ನು ಬೇಗ ಬೇಗ ಹೇಳುತ್ತೇನೆ, ನೀವೂ ಅತ್ತಿತ್ತ ನೋಡದೆ ಕೇಳಿಬಿಡಿ. ಆಲದ ಮರ, ಹಳೇ ಗಡಿಯಾರ, ದೇವಸ್ಥಾನದ ಆನೆ, ಇವರೆಲ್ಲ ಕಾಲು ಚಾಚಿ ಕೂತು ಆರಾಮವಾಗಿ ಆತ್ಮಕಥೆ ಹೇಳಬಹುದು. ನನಗೆಲ್ಲಿ ಆ ಪುರುಸೊತ್ತು? ಬೆಳಗ್ಗೆ ಹುಟ್ಟಿದೆ, ಸಂಜೆಗೆ ಮುದುಕನಾದೆ. ಆದರೂ ಹೇಳುತ್ತೇನೆ, ಇಂಥ ಒಂದು ಹಗಲು ಸಿಗುವುದಾದರೆ ನೂರು ವರ್ಷ ಬಂಡೆಯಾಗಿ ಬಿದ್ದಿರುವ ಬಾಳು ನನಗೆ ಬೇಡವೇ ಬೇಡ!

ನಾನು ಹುಟ್ಟಿದ್ದು ಗಂಗೊಳ್ಳಿ ಬಂದರಿನ ಹಿಂದಿನ ಒಂದು ಐಸ್ ಪ್ಲಾಂಟಿನಲ್ಲಿ. ಅಲ್ಲಿ ನೆಲದೊಳಗೆ ದೊಡ್ಡ ತೊಟ್ಟಿ, ತೊಟ್ಟಿಯ ತುಂಬ ಉಪ್ಪುನೀರು. ಆ ನೀರಿನ ಚಳಿ ವಿಚಿತ್ರವಾದದ್ದು. ಉಪ್ಪಿನ ದೆಸೆಯಿಂದ ತಾನು ಹೆಪ್ಪುಗಟ್ಟುವುದಿಲ್ಲ, ಹತ್ತಿರ ಬಂದವರನ್ನು ಮಾತ್ರ ಬಿಡುವುದಿಲ್ಲ. ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಸಾಲಾಗಿ ಅದರೊಳಗೆ ಇಳಿಬಿಡುತ್ತಾರೆ. ಅಂಥ ಒಂದು ಡಬ್ಬದಲ್ಲಿ ನಾನು ಬರಿಯ ಬಾವಿನೀರಾಗಿ ಕುಲುಕುತ್ತಿದ್ದೆ. ಚಳಿ ತಗಡಿನ ಕಡೆಯಿಂದ ಬಂತು. ಮೊದಲು ತಗಡಿಗೆ ತಾಗಿದ ನೀರು ಗಟ್ಟಿಯಾಯಿತು, ಆಮೇಲೆ ಅದರ ಒಳಗಿನದು, ಆಮೇಲೆ ಅದಕ್ಕೂ ಒಳಗಿನದು. ಹೀಗೆ ನನಗೆ ಮೈ ಮೊದಲು ಬಂತು, ಹೊಟ್ಟೆ ಕೊನೆಗೆ. ಹೋಗಲು ದಾರಿ ಸಿಗದ ಗಾಳಿಗುಳ್ಳೆಗಳೆಲ್ಲ ನಟ್ಟನಡುವೆ ಸಿಕ್ಕಿಕೊಂಡು ಅಲ್ಲೊಂದು ಬಿಳಿ ಪಟ್ಟೆ ಉಳಿಯಿತು. ಅದು ನನ್ನ ಬೆನ್ನುಮೂಳೆ ಎಂದುಕೊಂಡು ನಾನು ಬೀಗಿದೆ. ಅದು ನನ್ನ ದುರ್ಬಲ ಜಾಗ ಎಂದು ಆಗ ಯಾರೂ ಹೇಳಲಿಲ್ಲ.

ಚಳಿ ಬಂದದ್ದು ಮೈಯ ದಾರಿಯಾಗಿ. ಬಿಸಿ ಬರುವುದೂ ಅದೇ ದಾರಿಯಾಗಿ, ಬೇರೆ ಬಾಗಿಲಿಲ್ಲ. ಹಾಗಾಗಿ ನನ್ನಂಥವನನ್ನು ಕಂಡರೆ ತೂಕ ಎಷ್ಟು ಎಂದು ಕೇಳಬೇಡಿ, ಮೈ ಎಷ್ಟು ಎಂದು ಕೇಳಿ. ಹೇಳಲೇ? ಉದ್ದ ಎರಡು ಅಡಿ, ಅಗಲ ಒಂದು, ಎತ್ತರ ಒಂದು. ಉದ್ದನೆಯ ಮುಖಗಳು ನಾಲ್ಕು, ಒಂದೊಂದೂ ಎರಡು ಚದರಡಿ. ತಲೆ ಒಂದು ಚದರಡಿ, ಬುಡ ಒಂದು ಚದರಡಿ. ಒಟ್ಟು ಹತ್ತು ಚದರಡಿ ಮೈ! ನಾಲ್ಕು ಕಡೆಯೂ ನೀಲಿಗೆ ಹೊಳೆಯುತ್ತ, ಮೈಯಿಂದ ಹೊಗೆ ಏಳಿಸುತ್ತ ನಾನು ಡಬ್ಬದಿಂದ ಜಾರಿ ನೆಲಕ್ಕೆ ಬಂದಾಗ ಯಾವ ಮದುಮಗನೂ ನನ್ನ ಮುಂದೆ ನಿಲ್ಲುತ್ತಿರಲಿಲ್ಲ.

ನನ್ನ ಪಕ್ಕದ ಡಬ್ಬದಿಂದ ನನ್ನಣ್ಣ ಬಂದ. ಅದೇ ಅಳತೆ, ಅದೇ ಮೈ. ಪ್ಲಾಂಟಿನವರು ಅವನನ್ನು ಎತ್ತಿ ನನ್ನ ಮೇಲೆ ಮಲಗಿಸಿದರು. ಆಗ ಒಂದು ಚೋದ್ಯ ನಡೆಯಿತು. ಬೇರೆ ಬೇರೆ ನಿಂತಿದ್ದರೆ ನಮ್ಮಿಬ್ಬರದು ಸೇರಿ ಇಪ್ಪತ್ತು ಚದರಡಿ ಆಗಬೇಕಿತ್ತು. ಒಬ್ಬನ ಮೇಲೊಬ್ಬ ಮಲಗಿದ ಕೂಡಲೇ ಹದಿನಾರಕ್ಕೆ ಇಳಿಯಿತು. ನನ್ನ ಬೆನ್ನಿನ ಎರಡು, ಅವನ ಹೊಟ್ಟೆಯ ಎರಡು, ಒಟ್ಟು ನಾಲ್ಕು ಚದರಡಿ ನಮ್ಮಿಬ್ಬರ ನಡುವೆ ಅಡಗಿ ಕೂತಿತು. ಅಲ್ಲಿಗೆ ಬಿಸಿಲೂ ಬರದು, ಗಾಳಿಯೂ ಬರದು. ಒಗ್ಗಟ್ಟಿನಲ್ಲಿ ಬಲವಿದೆ ಎಂದು ಮನುಷ್ಯರು ಬಾಯಲ್ಲಿ ಹೇಳುತ್ತಾರೆ, ನಮಗೆ ಅದು ಬೆನ್ನಿನ ಮೇಲೇ ಗೊತ್ತಾಯಿತು.

ಅಷ್ಟರಲ್ಲಿ ಚಂದಕ್ಕ ಬಂದಳು.

ಚಂದಕ್ಕ ಮೀನು ಮಾರುವವಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಂದರಿನ ಈ ತುದಿಯಲ್ಲಿ ಮಾತಾಡಿದರೆ ಆ ತುದಿಗೆ ಕೇಳುವ ದನಿ. ಅವಳ ಹಿಂದೆ ಅವಳ ಅಕ್ಕನ ಮಗ ಸುಧಾಕರ. ಅಕ್ಕ ತೀರಿಕೊಂಡ ಮೇಲೆ ಈ ಸುಧಾಕರನನ್ನೂ ಅವನ ತಂಗಿ ಸುಗಂಧಿಯನ್ನೂ ಬುಟ್ಟಿ ಹೊತ್ತು ಸಾಕಿದವಳು ಇವಳೇ. ಈಗ ಸುಧಾಕರ ದೋಣಿಯಲ್ಲಿ ದುಡಿಯುವ ಎತ್ತರದ ಆಳು. ಸುಗಂಧಿಗೆ ಹಿಂದಿನ ದಿನವಷ್ಟೇ ಮದುವೆಯಾಗಿತ್ತು. ಚಂದಕ್ಕ ಆಗತಾನೇ ಹರಾಜಿನಲ್ಲಿ ಒಳ್ಳೊಳ್ಳೆಯ ಅಂಜಲ್ ಮೀನುಗಳನ್ನು ಹಿಡಿದಿದ್ದಳು. ತೋಳುದ್ದದ ಬೆಳ್ಳಿಬಣ್ಣದ ಮೀನುಗಳು, ಮೂರು ಅಗಲ ಬುಟ್ಟಿಗಳ ತುಂಬ.

"ಎರಡ್ ಗಡ್ಡೆ ಕೊಡಿ. ಬಿರುಕ್ ಬಿಟ್ಟದ್ ಬ್ಯಾಡ, ಕಾಣಿ" ಎಂದು ನನ್ನ ಬೆನ್ನಿಗೆ ತಟ್ಟಿದಳು. ಆಹಾ! ಹುಟ್ಟಿದ ಮೇಲೆ ನನಗೆ ತಾಗಿದ ಮೊದಲ ಬಿಸಿ ಕೈ ಅದು. ಐದು ಬೆರಳಿನ ಗುರುತು ನನ್ನ ಮೇಲೆ ಉಳಿಯಿತು.

ಅಲ್ಲೇ ಜಗಳ ಶುರುವಾಯಿತು. ಪ್ಲಾಂಟಿನ ಬಾಗಿಲಲ್ಲಿ ಐಸ್ ಪುಡಿ ಮಾಡುವ ಯಂತ್ರವೊಂದಿತ್ತು. ಸುಧಾಕರನಿಗೆ ನಮ್ಮಿಬ್ಬರನ್ನೂ ಅದರ ಬಾಯಿಗೆ ಹಾಕಬೇಕು.

"ಗಡ್ಡೆ ಇಟ್ರೆ ಮೀನಿಗೆ ಎಲ್ಲಿ ತಾಗತ್ತ್ ಚಿಕ್ಕಿ? ಪುಡಿ ಮಾಡ್ರೆ ಸಂದಿಸಂದಿಗೂ ಹೋತ್ತ್" ಎಂದ.

"ಪುಡಿ ಐಸ್ ನಿಲ್ಲುದಿಲ್ಲೆ ಮಗಾ. ಘಟ್ಟದ ಬುಡಕ್ಕೆ ಹೋಪತಿಗೆ ನೀರಾತ್ತ್. ಗಡ್ಡೆ ಗಡ್ಡೆಯಾಯ್ಕೇ ಇರ್ಲಿ" ಎಂದಳು ಚಂದಕ್ಕ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ಮಾತು ಪಾಲಿಗೆ ಬಂತು. ಅಣ್ಣ ಸುಧಾಕರನ ಪಾಲು, ನಾನು ಚಂದಕ್ಕನ ಪಾಲು. ಅವಳು ನನಗೆ ಮರದ ಹೊಟ್ಟು ಮೆತ್ತಿ, ಗೋಣಿ ಸುತ್ತಿ ನೆರಳಿಗೆ ಇಡಿಸಿದಳು. ಗೋಣಿಯ ತೂತಿನಿಂದ ನಾನು ಅಣ್ಣನನ್ನು ನೋಡಿದೆ.

ಮೊದಲು ಸಲಾಕೆಯಿಂದ ಅವನನ್ನು ನಡುವಿಗೆ ಸರಿಯಾಗಿ ಒಡೆದರು. ಎರಡು ತುಂಡು, ಒಂದೊಂದೂ ಎಲ್ಲ ಕಡೆಗೂ ಒಂದಡಿ. ಒಂದೊಂದರ ಮೈ ಆರು ಚದರಡಿ, ಎರಡೂ ಸೇರಿ ಹನ್ನೆರಡು. ಐಸ್ ಒಂದು ಹನಿಯೂ ಹೆಚ್ಚಲಿಲ್ಲ, ಆದರೆ ಎರಡು ಚದರಡಿ ಹೊಸ ಮೈ ಎಲ್ಲಿಂದಲೋ ಬಂತು! ಒಳಗೆ ಕತ್ತಲಲ್ಲಿ ಮಲಗಿದ್ದದ್ದು ಹೊರಗೆ ಬಂದು ಮುಖವಾಯಿತು. ಆಮೇಲೆ ಯಂತ್ರ ಅವನನ್ನು ಹಿಡಿಯಿತು. ಒಂದಡಿಯ ತುಂಡನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಅರ್ಧಕ್ಕೆ ಕತ್ತರಿಸಿದಿರಿ ಎನ್ನಿ, ಎಂಟು ತುಂಡಾಗುತ್ತದೆ. ಒಟ್ಟು ಮೈ ಎರಡು ಪಟ್ಟಾಗುತ್ತದೆ. ಅವನ್ನೂ ಹಾಗೇ ಅರ್ಧ ಮಾಡಿದರೆ ಮತ್ತೆ ಎರಡು ಪಟ್ಟು. ಹನ್ನೆರಡು ಇಪ್ಪತ್ತನಾಲ್ಕಾಯಿತು, ನಲವತ್ತೆಂಟಾಯಿತು, ತೊಂಬತ್ತಾರಾಯಿತು. ಅಳತೆ ಅರ್ಧ, ಮೈ ದುಪ್ಪಟ್ಟು. ಯಂತ್ರ ನಿಂತಾಗ ನನ್ನಣ್ಣ ಒಂದು ಮನೆಯ ಅಂಗಳದಷ್ಟು ಮೈಯಾಗಿ ಬುಟ್ಟಿಗಳಲ್ಲಿ ಹರಡಿ ಥಳಥಳ ಹೊಳೆಯುತ್ತಿದ್ದ.

"ಅಣ್ಣಾ, ನೋವಾಯಿತೇ?" ಎಂದು ಕೂಗಿದೆ.

"ನೋವೇನು ಬಂತು! ಎಷ್ಟೊಂದು ಮೀನಿಗೆ ಒಟ್ಟಿಗೇ ತಾಗುತ್ತಿದ್ದೇನೆ ಗೊತ್ತಾ?" ಎಂದು ಸಾವಿರ ಬಾಯಿಂದ ಉತ್ತರ ಬಂತು.

ರಾಜೀವನೆಂಬ ಡ್ರೈವರನ ಮೆಟಡೋರ್ ಹೊರಟಿತು. ಬುಟ್ಟಿಗಳು ಹಿಂದೆ, ನಾನು ಸೀಟಿನ ಕೆಳಗೆ. ದಾರಿಯಲ್ಲಿ ಚಂದಕ್ಕ ರಾಜೀವನಿಗೆ ಹೇಳಿದ ಮಾತುಗಳಿಂದ ಇಷ್ಟೆಲ್ಲ ಅವಸರ ಯಾಕೆಂದು ನನಗೆ ತಿಳಿಯಿತು.

ಸುಗಂಧಿಯನ್ನು ಕೊಟ್ಟದ್ದು ಘಟ್ಟದ ಮೇಲೆ, ಶಿಕಾರಿಪುರದ ಆಚೆಯ ಅಂಬ್ಲಿಕೆರೆ ಎಂಬ ಊರಿಗೆ. ಅವರೂ ಮೀನು ಹಿಡಿಯುವ ಜನವೇ, ಆದರೆ ಕೆರೆ ಮೀನು. ಗಂಡಿನ ಅಜ್ಜ ಹಾಲಪ್ಪ ಆ ಮನೆಯ ಯಜಮಾನ. ನಿಶ್ಚಿತಾರ್ಥದ ದಿನ ಎಲ್ಲರ ಎದುರು ನಗುತ್ತ ಅಂದುಬಿಟ್ಟಿದ್ದನಂತೆ: "ನಮ್ ಕೆರೆ ಮೀನು ಜೀವ ಇಟ್ಕಂಡೇ ಪಾತ್ರೆಗೆ ಬೀಳ್ತೈತೆ. ನಿಮ್ ಸಮುದ್ರದ ಮೀನು ಘಟ್ಟ ಹತ್ತೋದ್ರೊಳಗೆ ಊರಿಗೆಲ್ಲ ತಾನು ಬಂದಿದ್ದು ಹೇಳ್ಕಂಡು ಬರ್ತೈತೆ." ಎಲ್ಲರೂ ನಕ್ಕರು. ಸುಗಂಧಿ ತಲೆ ತಗ್ಗಿಸಿದಳು. ಚಂದಕ್ಕನಿಗೆ ಮೈ ಉರಿಯಿತು.

"ಬೀಗರ ಊಟಕ್ಕೆ ಅಂಜಲ್ ನಾನೇ ತತ್ತೆ" ಎಂದಳಂತೆ. "ಕಿವಿರು ಎತ್ತಿ ಕಾಣಿ. ಕೆಂಪಿಲ್ದಿದ್ರೆ ನಾ ನಿಮ್ಮ ಅಂಗಳ ಮೆಟ್ಟುದಿಲ್ಲೆ, ಇವತ್ತಿಗೂ ಇಲ್ಲೆ, ಮುಂದಕ್ಕೂ ಇಲ್ಲೆ."

ಮೀನಿನ ಕಿವಿರು ಕೆಂಪಗಿದ್ದರೆ ಹೊಸದು, ಕಂದಿದರೆ ಹಳೆಯದು. ಅದು ಮೀನಿನ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಹೊಳೆದದ್ದು ಇನ್ನೊಂದು: ಕಿವಿರು ಕಂದಿತೋ, ಸಾಕಿದ ಮಗಳ ಮನೆಗೆ ತಾನು ಇನ್ನು ಕಾಲಿಡುವಂತಿಲ್ಲ. ಬಾಣಂತನಕ್ಕಿಲ್ಲ, ಹಬ್ಬಕ್ಕಿಲ್ಲ, ಕಾಯಿಲೆ ಕಸಾಲೆಗೂ ಇಲ್ಲ. ಹಾಗೆಂದು ಮಾತು ಹಿಂತೆಗೆದುಕೊಳ್ಳುವ ಹೆಂಗಸೂ ಅಲ್ಲ.

"ಎಂತಕ್ಕೆ ಹಾಂಗ್ ಹೇಳೂಕ್ ಹೋದ್ರಿ ಚಂದಕ್ಕ?" ಎಂದ ರಾಜೀವ.

"ಬಾಯಿ ನಂದೇ ಅಲ್ದಾ ಮಾರಾಯ. ಹೇಳಿಹೋಯ್ತ್" ಎಂದಳು. ನಾನು ಸೀಟಿನ ಕೆಳಗೆ ಮೈ ಬಿಗಿಹಿಡಿದುಕೊಂಡೆ. ಇವಳ ಮಾತು ಉಳಿಸುವುದು ನನ್ನ ಕೆಲಸ ಎಂದು ಆಗಲೇ ತೀರ್ಮಾನಿಸಿಬಿಟ್ಟೆ!

ಅಣ್ಣ ಘಟ್ಟದ ಬುಡದ ಹೊಸಂಗಡಿಯವರೆಗೆ ಹುಲಿಯ ಹಾಗೆ ದುಡಿದ. ಸುಳ್ಳು ಹೇಳಬಾರದು, ಅವನಷ್ಟು ಬೇಗ ಮೀನನ್ನು ಮೂಳೆಯವರೆಗೂ ತಣ್ಣಗೆ ಮಾಡುವುದು ನನ್ನಂಥ ಇಡೀ ಗಡ್ಡೆಯಿಂದ ಸಾಧ್ಯವೇ ಇರಲಿಲ್ಲ. ಆದರೆ ಅಂಗಳದಷ್ಟು ಮೈ ಚಾಚಿದವನಿಗೆ ಅಂಗಳದಷ್ಟು ಬಿಸಿಯೂ ಒಳಗೆ ಬರುತ್ತದೆ. ಮೆಟಡೋರಿನ ತಳದಿಂದ ನೀರು ಸುರಿಯುತ್ತಲೇ ಇತ್ತು. ರಸ್ತೆಯುದ್ದಕ್ಕೂ ಒದ್ದೆ ಗೆರೆ ಎಳೆಯುತ್ತ ನನ್ನಣ್ಣ ಹೊರಟುಹೋಗುತ್ತಿದ್ದ.

ಹಾಗೂ ಸಾಕಾಗುತ್ತಿತ್ತೇನೋ. ಆದರೆ ಬಾಳೆಬರೆ ಘಾಟಿಯ ಒಂದು ತಿರುವಿನಲ್ಲಿ ಬಿದಿರು ಹೇರಿದ ಲಾರಿಯೊಂದು ಅಡ್ಡಡ್ಡ ಸಿಕ್ಕಿಹಾಕಿಕೊಂಡು ನಿಂತಿತ್ತು. ಹಿಂದೆ ಹೋಗದು, ಮುಂದೆ ಬರದು. ಮುಂದಿನವರು ಇಳಿದು ಬಿದಿರು ಇಳಿಸತೊಡಗಿದ್ದರು. ಏಪ್ರಿಲ್ ತಿಂಗಳ ನಡುಹಗಲು. ನಾವು ನಿಂತ ಜಾಗದಲ್ಲಿ ಮರದ ನೆರಳೂ ಇರಲಿಲ್ಲ, ಮೆಟಡೋರಿನ ತಗಡು ದೋಸೆ ಕಾವಲಿಯಂತೆ ಕಾಯತೊಡಗಿತು.

ಚಂದಕ್ಕ ಹಿಂದೆ ಹೋಗಿ ಒಂದು ಬುಟ್ಟಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ನೀರು. ಎರಡನೆಯದಕ್ಕೆ ಹಾಕಿದಳು, ಅಲ್ಲೂ ನೀರು. ಮೂರನೆಯದರಲ್ಲಿ ಕಡಲೆಕಾಳಿನಷ್ಟು ಕೆಲವು ಚೂರುಗಳು ತೇಲುತ್ತಿದ್ದವು. ಅಣ್ಣಾ!

"ಕಂಡ್ಯಾ? ನಾ ಹೇಳಿದ್ನಾ ಇಲ್ಯಾ?" ಎಂದು ಸುಧಾಕರನ ಮೇಲೆ ಹರಿಹಾಯ್ದಳು. ಆದರೆ ಬೈದುಕೊಂಡೇ ಕೈ ಕೆಲಸ ಮಾಡುತ್ತಿತ್ತು. ಮೂರು ಅಗಲ ಬುಟ್ಟಿಗಳಲ್ಲಿ ಹರಡಿ ಮಲಗಿದ್ದ ಮೀನನ್ನೆಲ್ಲ ತೆಗೆದು ಒಂದೇ ಆಳದ ಮರದ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಪೇರಿಸಿದಳು. ಭೇಷ್ ಚಂದಕ್ಕ ಎಂದುಕೊಂಡೆ. ಹರಡಿದರೆ ಎಲ್ಲ ಮೀನಿಗೂ ಬಿಸಿಲಿನ ಪಾಲು, ಪೇರಿಸಿದರೆ ಹೊರಗಿನ ಮೀನಿಗೆ ಮಾತ್ರ. ನಾನೂ ಅಣ್ಣನೂ ಪ್ಲಾಂಟಿನಲ್ಲಿ ಅಪ್ಪಿ ಮಲಗಿದ್ದಂತೆ ಅಂಜಲ್‌ಗಳು ಒಂದಕ್ಕೊಂದು ಅಂಟಿ ಮಲಗಿದವು.

ಆಮೇಲೆ ಅವಳು ನನ್ನ ಗೋಣಿ ಬಿಚ್ಚಿದಳು. ಸುಧಾಕರನೂ ರಾಜೀವನೂ ಸೇರಿ ಎತ್ತಿ ನನ್ನನ್ನು ಹಾಗೇ ಇಡಿಯಾಗಿ ಮೀನಿನ ಮೇಲೆ ಮಲಗಿಸಿದರು. "ಹಾಂ, ಇನ್ ಹೆದ್ರಿಕೆ ಇಲ್ಲೆ" ಎಂದಳು ಚಂದಕ್ಕ.

ಅಯ್ಯೋ, ಅಲ್ಲೇ ಅವಳೂ ಎಡವಿದ್ದು! ನನ್ನ ಹತ್ತು ಚದರಡಿಯಲ್ಲಿ ಮೀನಿಗೆ ತಾಗಿದ್ದು ಕೆಳಮುಖದ ಎರಡೇ ಚದರಡಿ. ಉಳಿದ ಎಂಟು ಚದರಡಿ ಘಾಟಿಯ ಬಿಸಿಲಿಗೆ ಬಿದ್ದಿತು. ನನ್ನ ಕೆಳಗಿನ ಮೀನು ಹಾಯಾಗಿತ್ತು. ಮೂಲೆಯ ಮೀನುಗಳು, ತಳದ ಮೀನುಗಳು ಬಿಸಿಯಾಗತೊಡಗಿದ್ದವು. ನಾನು ಇಡೀ ಘಟ್ಟವನ್ನು ತಣ್ಣಗೆ ಮಾಡುತ್ತಿದ್ದೆ, ಮಾಡಬೇಕಾದವರನ್ನು ಬಿಟ್ಟು. ನನಗೆ ಮನುಷ್ಯರ ಬಾಯಿಯಿದ್ದಿದ್ದರೆ ಲಾರಿಯವನಿಗೂ ಕೇಳುವಂತೆ ಕಿರುಚುತ್ತಿದ್ದೆ.

ಸುಧಾಕರ ಮೂಲೆಯ ಮೀನೊಂದನ್ನು ಮುಟ್ಟಿದ. "ಚಿಕ್ಕಿ, ಇಲ್ಲ್ ಕೈ ಹಾಕಿ ಕಾಣಿ. ಬಿಸಿ ಆಯ್ತ್. ಒಡೂದೇ ಸೈ" ಎಂದು ಸಲಾಕೆ ಎತ್ತಿದ.

"ಒಡ್ದು ಒಡ್ದೇ ಒಂದ್ ಗಡ್ಡೆ ನೀರ್ ಮಾಡ್ದೆ. ಇದ್ನ ಮುಟ್ಟುಕಾಗ!" ಎಂದು ಚಂದಕ್ಕ ಅವನ ಮಣಿಕಟ್ಟು ಹಿಡಿದಳು.

"ಇದ್ ಹಾಂಗೇ ಇದ್ರೆ ಮೀನ್ ಹಾಳಾತ್ತ್!"

"ಒಡೆದ್ರೆ ಐಸೇ ಇರುದಿಲ್ಲೆ!"

ಇಬ್ಬರೂ ಹೇಳಿದ್ದು ನಿಜ. ಅದೇ ಅಲ್ಲವೇ ಪೀಕಲಾಟ! ಇಡಿಯಾಗಿದ್ದರೆ ನಾನು ಉಳಿಯುತ್ತೇನೆ, ಮೀನು ಉಳಿಯುವುದಿಲ್ಲ. ಪುಡಿಯಾದರೆ ಮೀನು ತಣ್ಣಗಾಗುತ್ತದೆ, ನಾನು ನಿಲ್ಲುವುದಿಲ್ಲ. ಮುಂದಿನ ಚಕ್ರಕ್ಕೆ ಒರಗಿ ಬೀಡಿ ಹಚ್ಚಿದ್ದ ರಾಜೀವ, "ಹ್ವಾಯ್, ನೀವ್ ಜಗಳ ಮಾಡ್ತಾ ಇರಿ. ಅದ್ ಕರ್ಗುಕೆ ನಿಮ್ಮನ್ನ ಕೇಣ್ತಿಲ್ಲೆ" ಎಂದ.

ಇವನು ಎಳೆದ, ಅವಳು ಎಳೆದಳು. ಕೈ ಜಾರಿ ಸಲಾಕೆ ನೇರ ನನ್ನ ಬೆನ್ನಿನ ಮೇಲೆ, ಆ ಬಿಳಿ ಪಟ್ಟೆಯಿದ್ದಲ್ಲಿಗೇ ಬಿತ್ತು. ಟಣ್! ನಟ್ಟನಡುವೆ ನಾನು ಎರಡಾಗಿ ಸೀಳಿದೆ. ಮೈಯೊಳಗೆ ಹುಟ್ಟಿದಾ ಲಾಗಾಯ್ತು ಕತ್ತಲಲ್ಲಿದ್ದ ಮುಖ ಮೊದಲ ಬಾರಿಗೆ ಬೆಳಕು ಕಂಡಿತು. ಆ ಬೆಳಕು, ಆ ಬಿಸಿ, ಆ ಮೀನಿನ ವಾಸನೆ! ಹೆದರಿಕೆಯಾಗಬೇಕಿತ್ತು, ನನಗೆ ಕುಣಿಯುವಂತಾಯಿತು.

ಆಮೇಲೆ ಚಂದಕ್ಕ ಒಂದು ಅರ್ಧವನ್ನು ಮಗುವನ್ನು ಎತ್ತಿದಂತೆ ಬಾಚಿಕೊಂಡಳು.

"ಇದ್ ನಂದ್. ನಿಂಗೆ ಬೇಕಾದ್ರೆ ಅದ್ನ ಪುಡಿ ಮಾಡ್ಕ, ಹುಡಿ ಮಾಡ್ಕ, ತಲೆ ಮೇಲ್ ಹಾಕ್ಕ" ಎಂದು ಹೊಟ್ಟು ಮೆತ್ತಿ ಗೋಣಿಯಲ್ಲಿ ಸುತ್ತಿ ಮುಂದಿನ ಸೀಟಿಗೆ ಹೋಗಿ ಕಾಲ ಬಳಿ ಇಟ್ಟುಕೊಂಡಳು. ಸುಧಾಕರನೂ ಹಟಮಾರಿಯೇ, ಯಾರು ಸಾಕಿದ ಹುಡುಗ! ತನ್ನ ಅರ್ಧವನ್ನು ಇನ್ನೊಂದು ಗೋಣಿಗೆ ಹಾಕಿ, ಚಕ್ರ ಬಿಚ್ಚುವ ಕಬ್ಬಿಣದಿಂದ ಜಜ್ಜಿ ಜಜ್ಜಿ, ಆ ಚೂರುಗಳನ್ನು ಪೆಟ್ಟಿಗೆಯ ಮೂಲೆಗೆ, ತಳಕ್ಕೆ, ಮೀನಿನ ಕಿವಿರಿನ ಸಂದಿಗೆ ತುರುಕಿದ. ಮುಚ್ಚಳ ಹಾಕಿ ಅದರ ಮೇಲೆ ತಾನೇ ಕೂತ. ಇಬ್ಬರೂ ಮುಖ ಊದಿಸಿಕೊಂಡು ಒಬ್ಬರನ್ನೊಬ್ಬರು ನೋಡಲಿಲ್ಲ. ಬುದ್ಧಿವಂತಿಕೆಯಿಂದ ಆಗದ ಕೆಲಸ ಮುನಿಸಿನಿಂದ ಆಗಿತ್ತು, ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಲಾರಿ ಸರಿಯಿತು. ಮೆಟಡೋರ್ ಹೊರಟಿತು. ನಾನು ಚಂದಕ್ಕನ ಕಾಲ ಬಳಿ ಗೋಣಿಯೊಳಗೆ ಕೂತು ಘಟ್ಟ ಹತ್ತಿದೆ. ನನ್ನ ಕುಲದಲ್ಲಿ ಎಷ್ಟು ಜನ ಘಟ್ಟ ಹತ್ತಿದ್ದಾರೆ, ಹೇಳಿ?

ಹೊಸನಗರದಲ್ಲಿ ರಾಜೀವ ಚಹಾಕ್ಕೆ ನಿಲ್ಲಿಸಿದ. ಸುಧಾಕರ ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದು, ಮೆಲ್ಲಗೆ ಮುಂದೆ ಬಂದ. ಇಂಗು ತಿಂದ ಮಂಗನ ಮುಖ.

"ಚಿಕ್ಕಿ, ಪುಡಿ ತೀರ್ತಾ ಬಂತ್. ನಿಮ್ಮ ಪಾಲ್ ಇತ್ತಾ?"

ಚಂದಕ್ಕ ಹಿಂದೆ ಹೋಗಿ ತಳದ ಒಂದು ಮೀನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಕೆನ್ನೆ ಜುಮ್ಮೆಂದಿತು. ಮೂಲೆಯ ಮೀನು ಮುಟ್ಟಿದಳು, ಅದೂ ಹಾಗೇ. ಆಮೇಲೆ ಬಂದು ನನ್ನ ಗೋಣಿ ಬಿಚ್ಚಿದಳು. ನಾನು ಮೂಲೆಗಳನ್ನು ಮಾತ್ರ ಕಳೆದುಕೊಂಡು ಹೆಚ್ಚುಕಡಿಮೆ ಹಾಗೇ ಇದ್ದೆ.

"ನಿನ್ನ ಪುಡಿ ಮೀನ್ ಉಳ್ಸಿತ್ ಮಗಾ" ಎಂದಳು.

"ನಿಮ್ಮ ಗಡ್ಡೆ ಐಸ್ ಉಳ್ಸಿತ್ ಚಿಕ್ಕಿ" ಎಂದ ಅವನು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಈ ಸಲ ಸಲಾಕೆ ಎತ್ತಿದವಳು ಚಂದಕ್ಕನೇ! ನನ್ನನ್ನು ಮತ್ತೆ ಅರ್ಧ ಮಾಡಿ, ಒಂದು ಪಾಲನ್ನು ಸುಧಾಕರನಿಗೆ ಜಜ್ಜಲು ಕೊಟ್ಟು, ಇನ್ನೊಂದನ್ನು ಸುತ್ತಿ ಮಡಿಲಲ್ಲೇ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಬೇಕಾದಷ್ಟು ಒಡೆ, ಉಳಿದದ್ದನ್ನು ಇಡಿಯಾಗಿ ಮುಚ್ಚಿಡು. ಪ್ರತಿ ಸಲವೂ ನನ್ನ ಒಂದು ಪಾಲು ಕುಣಿದಾಡಿಕೊಂಡು ಮೀನಿಗೆ ಹೋಯಿತು, ಒಂದು ಪಾಲು ಉಸಿರು ಬಿಗಿಹಿಡಿದು ಗೋಣಿಯಲ್ಲಿ ಕಾದಿತು. ಯಾವುದು ನಾನು ಎಂದು ಕೇಳಬೇಡಿ. ಎರಡೂ ನಾನೇ.

ದಾರಿಯಲ್ಲಿ ನಾನು ಗುಂಡಗಾಗುತ್ತ ಬಂದೆ. ಮೂಲೆಗೆ ಮೂರು ಮುಖದಿಂದ ಬಿಸಿ ಬರುತ್ತದೆ, ಅಂಚಿಗೆ ಎರಡು ಮುಖದಿಂದ, ಹಾಗಾಗಿ ಮೊದಲು ಹೋಗುವುದು ಚೂಪುಗಳು. ಗುಂಡಗಾದ ಮೇಲೆ ತಿಳಿಯಿತು, ಇದ್ದ ಹೊಟ್ಟೆಗೆ ಅತಿ ಕಡಿಮೆ ಮೈ ಇರುವ ಆಕಾರ ಇದೇ ಎಂದು. ಚೌಕಾಕಾರದ ಸೊಕ್ಕೆಲ್ಲ ಯೌವನದ್ದು. ಆದರೂ ಸಣ್ಣವನಾಗುವುದಕ್ಕೆ ಅದರದೇ ಒಂದು ದಂಡವಿದೆ. ಅಳತೆ ಅರ್ಧವಾದರೆ ಮೈ ಕಾಲು ಭಾಗಕ್ಕೆ ಇಳಿಯುತ್ತದೆ, ಹೊಟ್ಟೆ ಎಂಟರಲ್ಲಿ ಒಂದು ಭಾಗಕ್ಕೆ. ಅಂದರೆ ಕುಗ್ಗಿದಷ್ಟೂ ಒಳಗಿನದಕ್ಕಿಂತ ಹೊರಗಿನದೇ ಜಾಸ್ತಿ. ಅದಕ್ಕೇ ಗುಡ್ಡದಂಥ ಗಡ್ಡೆ ದಿನಗಟ್ಟಲೆ ನಿಲ್ಲುತ್ತದೆ, ನಿಂಬೆಹಣ್ಣಿನಂಥದ್ದು ನೋಡನೋಡುತ್ತ ಹೋಗುತ್ತದೆ.

ಅಂಬ್ಲಿಕೆರೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ನೆಂಟರು. ಇನ್ನು ಇವರು ಬರುವುದಿಲ್ಲವೆಂದು ಕೆರೆ ಮೀನಿನ ಸಾರು ಒಲೆ ಹತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಸುಗಂಧಿ ನಿಂತಿದ್ದಳು. ಹೊಸ ಸೊಸೆ, ಹಿರಿಯರ ಮುಂದೆ ಓಡಿ ಬರುವಂತಿಲ್ಲ. ಮೆಟಡೋರ್ ಕಂಡ ಕೂಡಲೇ ಅವಳ ಕಣ್ಣು ಅಗಲವಾಯಿತು, ಮರುಕ್ಷಣ ಹೆದರಿಕೆ ತುಂಬಿತು.

ಸುಧಾಕರನೂ ರಾಜೀವನೂ ಪೆಟ್ಟಿಗೆಯನ್ನು ಅಂಗಳದ ಅಂಚಿಗೆ ಇಳಿಸಿದರು. ಚಂದಕ್ಕ ಇಳಿಯಲಿಲ್ಲ. ತೆಂಗಿನಕಾಯಿಯಷ್ಟಾಗಿದ್ದ ನನ್ನನ್ನು ಒದ್ದೆ ಗೋಣಿಯ ಸಮೇತ ಮಡಿಲಲ್ಲಿ ಹಿಡಿದು ಸೀಟಿನಲ್ಲೇ ಕೂತಳು.

ಹಾಲಪ್ಪ ಕೋಲೂರಿಕೊಂಡು ಬಂದ. ಬಗ್ಗಿ ಮೇಲಿನ ಮೀನು ಬಿಟ್ಟು, ಬೇಕೆಂದೇ ಮೂಲೆಯ ಒಂದನ್ನು ಎಳೆದ. ಕಿವಿರು ಎತ್ತಿದ. ನೋಡಿದ. ಕೈಯನ್ನು ಇನ್ನೂ ಆಳಕ್ಕೆ ಹಾಕಿ ತಳದ ಮೀನೊಂದನ್ನು ತೆಗೆದ. ಅದರ ಹೊಟ್ಟೆಗೆ ಹೆಬ್ಬೆರಳು ಒತ್ತಿದ, ಒತ್ತಿದ ಜಾಗ ತಟ್ಟನೆ ಮೇಲೆದ್ದಿತು. ಮೂಗಿನ ಹತ್ತಿರ ಹಿಡಿದ. ಕಿವಿರು ಎತ್ತಿದ. ನಾನಿದ್ದಲ್ಲಿಂದಲೇ ನನಗೆ ಅದು ಕಂಡಿತು, ಕೆಂಪು! ದಾಸವಾಳದಂಥ ಕೆಂಪು!

ಹಾಲಪ್ಪ ಹೆಗಲ ಟವೆಲಿಗೆ ಕೈ ಒರೆಸಿಕೊಂಡು ಅಡಿಗೆಯ ಕಡೆ ತಿರುಗಿದ.

"ಕೆರೆ ಮೀನು ಇಳಿಸ್ರೋ ಒಲೆ ಮೇಲಿಂದ! ಮೊದ್ಲು ಇದು ಏರ್ಲಿ!"

ಆಮೇಲೆ ಮೆಟಡೋರಿನ ಹತ್ತಿರ ಬಂದು ನಿಂತ.

"ಏನ್ ಬೀಗ್ತೆವ್ವ, ಇನ್ನೂ ಗಾಡೀಲೇ ಕುಂತೀರಲ್ಲ? ನಾನು ಅವತ್ತು ನಗಾಡಿದ್ದೆ, ತಪ್ಪಾತು. ಮೀನು ಒಳಗೆ ಹೋಗಿ ತಂದೋರು ಹೊರಗೆ ಇರೋದು ಯಾವೂರ ರೀತಿ? ಇಳೀರಿ, ಇಳೀರಿ."

ಚಂದಕ್ಕ ಏಳಲು ಹೋದಳು, ಆಗಲಿಲ್ಲ. ಇಷ್ಟು ಹೊತ್ತು ನನ್ನನ್ನು ಹೊತ್ತ ಮಡಿಲು, ಕಾಲು, ಎಲ್ಲ ಮರಗಟ್ಟಿಹೋಗಿದ್ದವು. "ಏಳೂಕೆ ಆತಿಲ್ಲೆ ಮಾರಾಯ್ರೆ" ಎಂದಳು. ಬಾಯಿ ನಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಗ ಸುಗಂಧಿ ಹೊಸ ಸೊಸೆ ಎನ್ನುವುದನ್ನು ಮರೆತಳು. ಚಪ್ಪರದ ಅಷ್ಟೂ ಜನರ ನಡುವೆ ಸೀರೆ ಎತ್ತಿ ಹಿಡಿದು ಓಡಿ ಬಂದಳು. ಗೋಣಿ ಬಿಚ್ಚಿ ನನ್ನನ್ನು ತೆಗೆದು, ಎಲ್ಲಿಡುವುದೆಂದು ತಿಳಿಯದೆ ಒಂದು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಚಿಕ್ಕಿಯನ್ನು ಹಿಡಿದು ಅಂಗಳಕ್ಕೆ ಇಳಿಸಿದಳು.

ಈಗ ಇಬ್ಬರೂ ಜಗಲಿಯ ಮೂಲೆಯಲ್ಲಿ ಕೂತಿದ್ದಾರೆ. ಒಳಗೆ ಅಂಜಲ್ ಹುರಿಯುವ ಸದ್ದು ಏಳುತ್ತಿದೆ. ನಾನು ನಿಂಬೆಹಣ್ಣಿನಷ್ಟಾಗಿದ್ದೇನೆ, ಸುಗಂಧಿಯ ಎರಡು ಅಂಗೈಗಳ ನಡುವೆ ಇದ್ದೇನೆ. ಹತ್ತು ಚದರಡಿ ಮೈಯಿದ್ದಾಗ ಅದರಲ್ಲಿ ಎಂಟು ಪಾಲು ಬಿಸಿಲಿಗೆ ಸುಮ್ಮನೆ ಹೋಗಿತ್ತು. ಈಗ ಉಳಿದದ್ದು ಇಷ್ಟೇ ಇಷ್ಟು, ಹೊಟ್ಟೆ ಎನ್ನುವುದು ಹೆಸರಿಗೆ ಮಾತ್ರ. ಆದರೆ ಆ ಇಷ್ಟರಲ್ಲಿ ಒಂದು ಅಂಗುಲವೂ ದಂಡವಾಗುತ್ತಿಲ್ಲ, ಎಲ್ಲವೂ ಅವಳ ಕೈಗೆ ತಾಗಿದೆ. ನನಗೆ ದುಃಖವಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ಖುಷಿ ನನಗೆ ಇಡಿಯಾಗಿದ್ದಾಗಲೂ ಆಗಿರಲಿಲ್ಲ.

"ಬಿಡ್ ಮಗಾ ಅದ್ನ, ಕೈ ಮರಗಟ್ಟತ್ತ್" ಎನ್ನುತ್ತಿದ್ದಾಳೆ ಚಂದಕ್ಕ.

"ಮರಗಟ್ಲಿ ಚಿಕ್ಕಿ" ಎಂದು ಸುಗಂಧಿ ನಗುತ್ತಿದ್ದಾಳೆ. ಬಿಡುತ್ತಿಲ್ಲ.